ಹವಾಲ್ದಾರರ ಬಾಟಲಿ

ಹವಾಲ್ದಾರರು ಕಳೆದ ತಿಂಗಳು ಹುಕ್ಕೇರಿ ಹತ್ತಿರದ ತಮ್ಮ ಊರಿನಲ್ಲಿ ತೀರಿಕೊಂಡರು. ಕೊಣ್ಣೂರಿನ ನಮ್ಮ ಕುದುರೆ ತರಬೇತಿ ಕೇಂದ್ರದಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದೆವು. ಎದ್ದು ನಿಂತವರೆಲ್ಲ ಅವರು ಶಾಂತ ಸ್ವಭಾವದವರು, ಮಿತಭಾಷಿ, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚಿಕೊಂಡೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪೋಣ. ಆದರೆ ಆಡಿದ ಮಾತು ಸತ್ತ ಮನುಷ್ಯನ ಬಗ್ಗೆಯಾದರೂ ಇರಬೇಕಲ್ಲ! ಶಾಂತ ಸ್ವಭಾವವಂತೆ. ಆ ಮನುಷ್ಯ ಬೆಳಗಿನ ಸೀಟಿ ಊದಿದರೆ ಹೊಳೆಯ ಆಚೆ ದಂಡೆಯ ನಾಯಿಗಳು ಬೊಗಳುತ್ತಿದ್ದವು.

ನನ್ನ ತಲೆ ತಿಂದಷ್ಟು ಅವರು ಬೇರೆ ಯಾರ ತಲೆಯನ್ನೂ ತಿಂದಿರಲಿಕ್ಕಿಲ್ಲ. ಹಾಗಾಗಿ ಅವರ ಬಗ್ಗೆ ನಾಲ್ಕು ಮಾತು ಬರೆಯುವ ಅಧಿಕಾರ ನನಗಿದೆ ಎಂದುಕೊಂಡಿದ್ದೇನೆ.

ನಾನು ಪಶುವೈದ್ಯೆ. ಸರಕಾರಿ ನೌಕರಿ ಮುಗಿಸಿ ಗೋಕಾಕದ ಮನೆಯಲ್ಲಿ ಹಾಯಾಗಿ ಇರಬೇಕೆಂದಿದ್ದೆ. ಅಷ್ಟರಲ್ಲಿ ಸಣ್ಣ ಸಂಸ್ಥೆಯೊಂದು ಕರೆದು ಈ ಕೇಂದ್ರದ ಉಸ್ತುವಾರಿ ವಹಿಸಿತು. ಹೊಳೆಯ ದಂಡೆಯ ಹಳೆಯ ಆಲೆಮನೆಯನ್ನು ಲಾಯ ಮಾಡಿದ್ದರು. ಮಿಲಿಟರಿಯಿಂದ ನಿವೃತ್ತರಾಗಿ ಬಂದು ಏನು ಮಾಡಬೇಕೆಂದು ತಿಳಿಯದೆ ಕೂತವರಿಗೂ, ಕುಡಿತ ಬಿಡಿಸುವ ಕೇಂದ್ರದಿಂದ ಹೊರಬಂದು ಯಾರೂ ಕೆಲಸ ಕೊಡದವರಿಗೂ ಅಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ ಕಲಿಸುವುದು. ನಮ್ಮ ಕಡೆ ಕುದುರೆಗಾಡಿ ಓಡಿಸುವ ಶರ್ಯತ್ತಿನ, ಅಂದರೆ ಪಂದ್ಯದ, ಹುಚ್ಚು ಇದೆ, ಮದುವೆಯ ಮೆರವಣಿಗೆಗೂ ಕುದುರೆ ಬೇಕು. ಹಾಗಾಗಿ ಕಲಿತವರಿಗೆ ಕೆಲಸವೂ ಸಿಗುತ್ತದೆ. ಯೋಜನೆ ಚೆನ್ನಾಗಿಯೇ ಇತ್ತು. ಕಲಿಸಲಿಕ್ಕೆ ಬಂದವರು ಹವಾಲ್ದಾರರು.

ಹವಾಲ್ದಾರ ಎಂದರೆ ಪೊಲೀಸರಲ್ಲ, ಮಿಲಿಟರಿಯವರು. ಇದನ್ನು ಊರಿನವರಿಗೆ ತಿಳಿಸಿ ತಿಳಿಸಿ ಸಾಕಾಯಿತು. ಬದುವಿನ ಜಗಳ, ಕೋಳಿ ಕಳುವು ಎಂದು ಜನ ಅವರ ಹತ್ತಿರ ಬರುತ್ತಿದ್ದರು. ಅವರೋ ಬಂದವರನ್ನು ಕಳಿಸದೆ ಕೂಡಿಸಿಕೊಂಡು ವಿಚಾರಣೆ ಮಾಡಿ ತೀರ್ಪನ್ನೂ ಕೊಟ್ಟುಬಿಡುತ್ತಿದ್ದರು. ಒಮ್ಮೆ ಇಬ್ಬರು ಅಣ್ಣತಮ್ಮಂದಿರನ್ನು ಕುದುರೆಯ ನೀರಿನ ತೊಟ್ಟಿ ತೊಳೆಯಲು ಹಚ್ಚಿ, "ತೊಟ್ಟಿ ಸ್ವಚ್ಛ ಆಗೂತನಕಾ ಬದುವಿನ ಮಾತ ತಗೀಬ್ಯಾಡ್ರಿ" ಎಂದರಂತೆ. ತೊಟ್ಟಿ ಸ್ವಚ್ಛವಾಯಿತು. ಜಗಳ ಹಾಗೆಯೇ ಇದೆ, ಈಗ ಅವರಿಬ್ಬರೂ ನನ್ನ ಜೊತೆಗೂ ಮಾತಾಡುವುದಿಲ್ಲ.

ನನ್ನನ್ನು ಅವರು ಕರೆಯುತ್ತಿದ್ದುದು 'ಡಾಕ್ಟರ್ ಸಾಬ್' ಎಂದು. ಉಳಿದವರೆಲ್ಲ ಅಕ್ಕಾರ ಎನ್ನುತ್ತಾರೆ, ನೀವೂ ಹಾಗೇ ಅನ್ನಿ ಎಂದು ಎಷ್ಟು ಸಲ ಹೇಳಿದರೂ ಕೇಳಲಿಲ್ಲ. "ರ‍್ಯಾಂಕಿಗೆ ಗಂಡಸು ಹೆಂಗಸು ಅಂತ ಇರೂದಿಲ್ರಿ ಡಾಕ್ಟರ್ ಸಾಬ್" ಎಂದು ಕಾಲು ಜೋಡಿಸಿ ಸಲಾಮು ಹೊಡೆಯುತ್ತಿದ್ದರು. ಸಲಾಮು ಹೊಡೆದ ಮರುಕ್ಷಣವೇ ನಾನು ಹೇಳಿದ್ದನ್ನು ಬಿಟ್ಟು ತಮಗೆ ತಿಳಿದದ್ದನ್ನು ಮಾಡುತ್ತಿದ್ದರು. ಮಿಲಿಟರಿಯಲ್ಲಿ ಇದನ್ನೇ ಶಿಸ್ತು ಎನ್ನುತ್ತಾರೋ ಏನೋ.

ಇನ್ನೊಂದು ವಿಷಯ. ಅವರು ಸೇವೆಯಲ್ಲಿ ಇದ್ದುದೆಲ್ಲ ಹೇಸರಗತ್ತೆಗಳ ಜೊತೆ. ಹಿಮದ ಬೆಟ್ಟಗಳ ಮೇಲೆ ಸಾಮಾನು ಹೊರುವ ಖಚ್ಚರಗಳು. ಹಾಗಾಗಿ ಕುದುರೆ ಎಂದರೆ ಅವರಿಗೆ ಸ್ವಲ್ಪ ತಾತ್ಸಾರ. ನಮ್ಮ ಲಾಯದ ಹೆಣ್ಣು ಕುದುರೆ ಹೀರಾ ಕಪ್ಪೆ ಕಂಡರೂ ಬೆಚ್ಚುತ್ತಿತ್ತು, ಹಿಂದಿನ ಎಡಗಾಲನ್ನು ಯಾರಾದರೂ ಮುಟ್ಟಿದರೆ ಜಾಡಿಸುತ್ತಿತ್ತು. "ನಮ್ಮ ಖಚ್ಚರ ಆಗಿದ್ರ ಗುಂಡಿನ ಸಪ್ಪಳಕ್ಕೂ ಕಿವಿ ಅಲ್ಲಾಡಸ್ತಿರಲಿಲ್ಲ. ಇದು ನೋಡ್ರಿ, ಸಾವಕಾರ್ರ ಮನಿ ಸೊಸಿ" ಎಂದು ಅದರ ಎದುರಿಗೇ ಬೈಯುತ್ತಿದ್ದರು. ಕಬ್ಬಿನ ಸೋಗೆ, ಬೆಲ್ಲ, ಹೋಳಿಗೆ ಎಂದು ಯಾರು ಏನು ತಂದರೂ ಹೀರಾಳ ಹತ್ತಿರ ಬಿಡುತ್ತಿರಲಿಲ್ಲ. ಹೊಟ್ಟೆನೋವು ಬರುತ್ತದೆಂದು ಭಾಷಣ ಬಿಗಿಯುತ್ತಿದ್ದರು. ಹೀಗೆ ಭಾಷಣ ಬಿಗಿಯುವ ಮನುಷ್ಯ ಗೋಕಾಕಕ್ಕೆ ಹೋಗಿ ಬಂದ ದಿನ ಕಿಸೆಯಿಂದ ಕರದಂಟಿನ ತುಂಡು ತೆಗೆದು ಅದಕ್ಕೆ ತಿನಿಸುವುದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಕೇಳಿದರೆ, "ಅಂಟು ಹಾಕಿರ್ತಾರ್ರಿ, ಎಲಬಿಗೆ ಛಲೋ" ಎಂದರು. ಪಶುವೈದ್ಯೆಗೆ ಹೇಳುವ ಮಾತೇ ಇದು?

ಅವರೂ ಕುಡಿತ ಬಿಟ್ಟವರೇ. ನಿವೃತ್ತರಾಗಿ ಊರಿಗೆ ಬಂದ ಮೇಲೆ ಮಿಲಿಟರಿ ಕ್ಯಾಂಟೀನಿನ ರಮ್ಮು ಹಿಡಿದು, ಸುಮಾರು ವರ್ಷ ಅದರಲ್ಲೇ ಮುಳುಗಿ, ಕೊನೆಗೆ ಹೆಂಡತಿಯೇ ಜೀಪು ಮಾಡಿಕೊಂಡು ಹೋಗಿ ಕುಡಿತ ಬಿಡಿಸುವ ಕೇಂದ್ರದಲ್ಲಿ ಹಾಕಿದ್ದರಂತೆ. ಹೀಗಾಗಿ ನಮ್ಮಲ್ಲಿ ಎರಡೂ ಗುಂಪಿಗೆ ಸೇರಿದವರು ಅವರೊಬ್ಬರೇ. ಮಾಜಿ ಸೈನಿಕರು ಕುಡಿತ ಬಿಟ್ಟವರನ್ನು ಕೈಲಾಗದವರೆಂದು ಹೀಯಾಳಿಸಿದರೆ, "ನಾನೂ ಕುಡದು ಗಟಾರದಾಗ ಬಿದ್ದಾಂವ, ನನಗ ಹೇಳ್ರಿ" ಎಂದು ಎದೆ ಸೆಟೆಸಿ ನಿಲ್ಲುತ್ತಿದ್ದರು. ಕುಡಿತ ಬಿಟ್ಟವರು ಮಿಲಿಟರಿಯವರ ಒದರಾಟಕ್ಕೆ ಗೊಣಗಿದರೆ, "ನಾನೂ ಫೌಜಿ, ಏನೀಗ?" ಎನ್ನುತ್ತಿದ್ದರು. ಎರಡೂ ಗುಂಪು ಕೂಡಿ ಅವರನ್ನು ದ್ವೇಷಿಸತೊಡಗಿ ಕೊನೆಗೆ ಒಂದಾದವು. ಇದನ್ನೂ ತಮ್ಮ ಸಾಧನೆ ಎಂದೇ ಹೇಳಿಕೊಳ್ಳುತ್ತಿದ್ದರು.

ಅವರ ಹೆಂಡತಿ ಒಮ್ಮೆ ರೊಟ್ಟಿಗಂಟು ಕಟ್ಟಿಕೊಂಡು ಬಂದವರು ನನ್ನ ಬಾಜೂ ಕೂತು ದನಿ ತಗ್ಗಿಸಿ ಹೇಳಿದರು: "ಖರೆ ಹೇಳ್ತೇನ್ರಿ ಅಕ್ಕಾರ, ಕುಡದಾಗ ಒಂದ ಮೂಲ್ಯಾಗ ಬಿದ್ದಿರ್ತಿದ್ರು. ಈಗ ಊರಿಗೆ ಬಂದ್ರ ಮುಂಜಾನೆ ಎದ್ದು ನನ್ನೂ ಸೊಸೀನ್ನೂ ಲೈನಿನ್ಯಾಗ ನಿಂದರಸ್ತಾರ. ನೀವು ಅವರನ್ನ ಇಲ್ಲೇ ಇಟ್ಕೊಳ್ರಿ." ಹೇಳಿ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಈಗ ಬಾಟಲಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಭಾಗದಲ್ಲಿ ಓಟದ ಕುದುರೆಯ ಲಾಯವೆಂದರೆ ಅಲ್ಲೊಂದು ಬ್ರಾಂಡಿ ಬಾಟಲಿ ಇದ್ದೇ ಇರುತ್ತದೆ. ಓಡಿ ಬಂದ ಕುದುರೆಯ ಕಾಲಿಗೆ ಅದನ್ನು ತಿಕ್ಕುತ್ತಾರೆ. ಬಾವು ಇಳಿಯುತ್ತದೆ, ನರ ಸಡಿಲಾಗುತ್ತದೆ ಎಂಬ ನಂಬಿಕೆ. ಔಷಧಿ ಅಂಗಡಿಯಲ್ಲಿ ಇದಕ್ಕೆ ಬೇರೆ ಮುಲಾಮು ಸಿಗುತ್ತದೆಂದು ನಾನು ನೌಕರಿಯುದ್ದಕ್ಕೂ ಹೇಳಿದ್ದೇನೆ, ಯಾರೂ ಕೇಳಿಲ್ಲ. ಬೇರೆಯವರ ಲಾಯದ ಮಾತು ಬಿಡಿ. ನಮ್ಮದು ಕುಡಿತ ಬಿಟ್ಟವರು ಓಡಾಡುವ ಜಾಗ. ನಾನು ಗಾಯ ಒರೆಸುವ ಸ್ಪಿರಿಟ್ಟನ್ನೂ ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದೆ. ಹೀಗಿರುವಾಗ ಒಂದು ಬೆಳಿಗ್ಗೆ ನೋಡುತ್ತೇನೆ, ಲಗಾಮು ಜೀನುಗಳನ್ನು ತೂಗುಹಾಕುವ ಕೋಣೆಯ ಗೋಡೆಯಲ್ಲಿ, ಎಲ್ಲರ ಕಣ್ಣಿನ ಮಟ್ಟಕ್ಕೆ, ಮೊಳೆಯೊಂದಕ್ಕೆ ದಾರ ಕಟ್ಟಿ ತೂಗುಹಾಕಿದ ಬ್ರಾಂಡಿ ಬಾಟಲಿ.

"ಹವಾಲ್ದಾರ್ರ, ನಿಮಗ ತಲಿ ಕೆಟ್ಟೈತೇನ್ರಿ?"

"ಇಲ್ರಿ ಡಾಕ್ಟರ್ ಸಾಬ್."

"ಕುಡಿಯೂದು ಬಿಟ್ಟಾವರು ದಿನಾ ಬಂದು ಹೋಗೂ ಖೋಲಿ ಇದು."

"ಅದಕ್ಕ ಇಲ್ಲೇ ಹಾಕೇನ್ರಿ. ನಾಳೆ ಇವರು ಕೆಲಸಕ್ಕ ಹೋಗೂ ಲಾಯದಾಗ ಬಾಟ್ಲಿ ಇರತೈತೋ ಇಲ್ಲೋ?"

"ಇರತೈತಿ. ಅದಕ್ಕ?"

"ಅಲ್ಲಿಗೆ ನೀವು ಹೋಗಿ ತಗದು ಬರ್ತೀರೇನ್ರಿ?"

ನಾನು ಅದನ್ನು ತೆಗೆದು ಮೋರಿಗೆ ಸುರಿದೆ. ಮರುದಿನ ಇನ್ನೊಂದು ತೂಗುತ್ತಿತ್ತು. ಅದನ್ನೂ ಸುರಿದೆ. ಮತ್ತೊಂದು ಬಂತು. ಸಂಸ್ಥೆಯವರಿಗೆ ಫೋನು ಮಾಡಿದರೆ ಅವರು "ನೀವಿಬ್ಬರೂ ಕೂತು ಬಗೆಹರಿಸಿಕೊಳ್ಳಿ" ಎಂದು ಕೈ ತೊಳೆದುಕೊಂಡರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಬಾಟಲಿ ಇರಲಿ, ಆದರೆ ಅದರ ಮುಚ್ಚಳಕ್ಕೆ ನಾನು ಅರಗು ಕಾಯಿಸಿ ಮುದ್ರೆ ಹಾಕುವುದು. ಕಾಲು ತಿಕ್ಕುವ ಪಾಠವಿದ್ದ ದಿನ ಮಾತ್ರ ನನ್ನ ಎದುರು ಬಿಚ್ಚುವುದು, ಪಾಠ ಮುಗಿದ ಮೇಲೆ ಮತ್ತೆ ಮುದ್ರೆ. ಡಿಗ್ರಿ ಓದಿ, ಸರಕಾರಿ ನೌಕರಿ ಮಾಡಿ, ಕಡೆಗೆ ನಾನು ಬ್ರಾಂಡಿ ಬಾಟಲಿಗೆ ಅರಗು ಹಾಕುತ್ತ ಕೂತಿದ್ದೆ.

ಕಾಲು ತಿಕ್ಕುವುದು ಕಡೆಯ ಪಾಠ. ಅದು ಮುಗಿದರೆ ಕೆಲಸಕ್ಕೆ ತಯಾರು ಎಂದರ್ಥ. ಹವಾಲ್ದಾರರ ಪರೀಕ್ಷೆಯಲ್ಲಿ ಇರುವುದು ಎರಡೇ ಫಲಿತಾಂಶ. 'ಇನ್ನೂ ಆಗಿಲ್ಲ' ಮತ್ತು 'ಆತು'. ಕುದುರೆ ಇಟ್ಟ ಸಾಹುಕಾರರು ಬೇರೆ ಯಾವ ಪ್ರಮಾಣಪತ್ರವನ್ನೂ ಕೇಳುತ್ತಿರಲಿಲ್ಲ, ಹವಾಲ್ದಾರರು 'ಆತು' ಅಂದರೇ ಎಂದಷ್ಟೇ ಕೇಳುತ್ತಿದ್ದರು. ಆ ಮನುಷ್ಯನ ಬಾಯಿಂದ ಆ ಒಂದು ಮಾತು ಹೊರಡಿಸುವುದು ಅಷ್ಟಿಷ್ಟು ಕಷ್ಟವಲ್ಲ.

ಗೊರಸು ಕೆರೆಯುವುದು, ಮೈ ಉಜ್ಜುವುದು, ಜೀನು ಬಿಗಿಯುವುದು ಎಲ್ಲವನ್ನೂ ಅವರು ತಮ್ಮ ಕೈಯಿಂದ ಮಾಡಿ ತೋರಿಸುತ್ತಿದ್ದರು. ಬೇರೆಯವರಿಗೆ ಮಾಡಲು ಬಿಡದಷ್ಟು ತಾವೇ ಮಾಡುತ್ತಿದ್ದರು. ಕಾಲು ತಿಕ್ಕುವ ಪಾಠದಲ್ಲಿ ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಬಾಗಿಲ ಹತ್ತಿರ ದೂರ ನಿಂತು, "ಮ್ಯಾಲಿಂದ ಕೆಳಗ... ಹಗರಕ... ಒತ್ತಬ್ಯಾಡ" ಎಂದು ಆಜ್ಞೆ ಕೊಡುತ್ತಿದ್ದರು. ಇದು ದೊಡ್ಡಸ್ತಿಕೆ, ಹವಾಲ್ದಾರಿಕೆಯ ಗತ್ತು ಎಂದುಕೊಂಡು ನಾನು ಸಿಟ್ಟಾಗುತ್ತಿದ್ದೆ.

ಕಲ್ಲೋಳಿಯ ಸಿದ್ದಪ್ಪ ಬಂದ ಮೇಲೆ ನನ್ನ ಸಿಟ್ಟು ನೆತ್ತಿಗೇರಿತು.

ಸಿದ್ದಪ್ಪ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಕುಡಿದು ಓಡಿಸಿ, ಟ್ರೇಲರನ್ನು ಕಾಲುವೆಗೆ ಕೆಡವಿದ. ಯಾರಿಗೂ ಏನೂ ಆಗಲಿಲ್ಲ, ಆದರೆ ಆಮೇಲೆ ಯಾರೂ ಅವನ ಕೈಗೆ ಕೀಲಿ ಕೊಡಲಿಲ್ಲ. ಹೆಂಡತಿ ಮಹಾದೇವಿ ಮೂಡಲಗಿ ಬಳಿಯ ತವರಿಗೆ ಹೋದಳು. ಹೋಗುವಾಗ, "ಕುಡಿಯೂದು ಬಿಟ್ಟೇನಿ ಅಂತ ಹೇಳಾಕ ಬರಬ್ಯಾಡ, ಅದನ್ನ ಭಾಳ ಸಲ ಕೇಳೇನಿ. ಕೆಲಸ ಹತ್ತಿದ ದಿನಾ ನಾನ ಬರ್ತೇನಿ" ಎಂದಳಂತೆ. ಮೂಡಲಗಿಯ ಸಾಹುಕಾರರೊಬ್ಬರ ಲಾಯದಲ್ಲಿ ಆಳು ಬೇಕಾಗಿತ್ತು. ಹವಾಲ್ದಾರರು 'ಆತು' ಅಂದರೆ ಸಿದ್ದಪ್ಪನನ್ನು ಇಟ್ಟುಕೊಳ್ಳುತ್ತೇನೆ ಎಂದು ಅವರು ಒಪ್ಪಿದ್ದರು.

ಕುದುರೆಗಳಿಗೆ ಸಿದ್ದಪ್ಪನೆಂದರೆ ಆಗುತ್ತಿತ್ತು. ಹೀರಾ ಕೂಡ ಅವನು ಮುಟ್ಟಿದರೆ ಕಾಲು ಜಾಡಿಸುತ್ತಿರಲಿಲ್ಲ. ಅವನ ಜೊತೆ ಬಂದವರು, ಅವನಿಗಿಂತ ಆಮೇಲೆ ಬಂದವರು ಎಲ್ಲರೂ 'ಆತು' ಎನಿಸಿಕೊಂಡು ಹೋದರು. ಸಿದ್ದಪ್ಪನಿಗೆ ಮಾತ್ರ ಹವಾಲ್ದಾರರು ಕಾಲು ತಿಕ್ಕುವ ಪಾಠವನ್ನೇ ಶುರುಮಾಡಲಿಲ್ಲ. ಕೇಳಿದರೆ ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ. ಯಾಕೆ ಎಂದರೆ ಉತ್ತರವಿಲ್ಲ. ಮಹಾದೇವಿ ತಾನೇ ಬಸ್ಸು ಹಿಡಿದು ಕೇಂದ್ರಕ್ಕೆ ಬಂದಳು. ಗಂಡನನ್ನು ನೋಡಲು ಬಂದಿಲ್ಲ ಎಂದು ಮೊದಲೇ ಹೇಳಿ, ನೇರ ಹವಾಲ್ದಾರರ ಎದುರಿಗೆ ನಿಂತಳು.

"ಅಣ್ಣಾರ, ಇಂವಂದು ಯಾವಾಗ ಆಗತೈತ್ರಿ?"

"ಇನ್ನೂ ಆಗಿಲ್ಲ, ತಂಗಿ."

"ಉಳದಾವರದು ಆತು, ಇಂವಂದ ಯಾಕ ಆಗಿಲ್ಲ? ಏನ ತಪ್ಪ ಮಾಡ್ಯಾನ?"

"ತಪ್ಪ ಏನೂ ಮಾಡಿಲ್ಲ."

"ಮತ್ತ? ನಾ ಎಷ್ಟ ದಿನಾ ತವರಮನ್ಯಾಗ ಅತ್ತಿಗೇರ ಮಾರಿ ನೋಡಕೋತ ಕುಂದರ್ಲಿ? ನಿಮ್ಮ ಮನ್ಯಾಗ ಹೇಣ್ತಿ ಇಲ್ಲೇನ್ರಿ?"

ಹವಾಲ್ದಾರರು ಬೇರೇನೂ ತೋಚದೆ ಸೀಟಿ ಊದಿದರು. ಊಟಕ್ಕೆ ಕೂತಿದ್ದ ಎಲ್ಲರೂ ಎದ್ದು ಬಂದು ಸಾಲಾಗಿ ನಿಂತರು. ಯಾಕೆ ಎಂದು ಯಾರಿಗೂ ತಿಳಿಯಲಿಲ್ಲ.

ಅವಳನ್ನು ಬಸ್ಸು ಹತ್ತಿಸಿ ಬಂದವಳೇ ನಾನು ನಿರ್ಧಾರ ಮಾಡಿಬಿಟ್ಟೆ. ಮೂಡಲಗಿಯ ಸಾಹುಕಾರರಿಗೆ ಫೋನು ಮಾಡಿ, ನೀವೇ ಬನ್ನಿ, ಹುಡುಗನ ಕೆಲಸವನ್ನು ಕಣ್ಣಾರೆ ನೋಡಿ ಎಂದೆ. ಹವಾಲ್ದಾರರಿಗೂ ಹೇಳಿದೆ: ನಾಳೆ ಸಾಹುಕಾರರು ಬರುತ್ತಾರೆ, ನಾಳೆ ಸಿದ್ದಪ್ಪ ಕಾಲು ತಿಕ್ಕುತ್ತಾನೆ, ಇದು ಆರ್ಡರ್. ಅವರು ಸಲಾಮು ಹೊಡೆದರು. ಮುಖ ಮಾತ್ರ ಸುಣ್ಣದ ಗೋಡೆಯ ಹಾಗಿತ್ತು. ಸೋತದ್ದಕ್ಕೆ ಸಿಟ್ಟು ಬಂದಿದೆ ಎಂದುಕೊಂಡು ನಾನು ಒಳಗೊಳಗೇ ಹಿಗ್ಗಿದೆ.

ಮರುದಿನ ಸಾಹುಕಾರರು ಜೀಪಿನಲ್ಲಿ ಬಂದರು. ಹೀರಾಳನ್ನು ಅಂಗಳದಲ್ಲಿ ಕಟ್ಟಿದ್ದೆವು. ಎಲ್ಲರೂ ಸುತ್ತ ನಿಂತಿದ್ದರು. ನಾನು ಕೋಣೆಗೆ ಹೋಗಿ ಬಾಟಲಿಯನ್ನು ಮೊಳೆಯಿಂದ ಇಳಿಸಿದೆ. ಇಳಿಸಿದಾಗಲೇ ಹಗುರವೆನಿಸಿತು. ಅರಗಿನ ಮುದ್ರೆ ಒಡೆದಿತ್ತು. ಒಳಗೆ ಅರ್ಧಕ್ಕಿಂತ ಕಡಿಮೆ ಉಳಿದಿತ್ತು.

ಆ ವಾರ ಕೋಣೆಯ ಬೀಗದ ಕೈ ಇದ್ದದ್ದು ಸಿದ್ದಪ್ಪನ ಹತ್ತಿರ.

ಬಾಟಲಿ ಹಿಡಿದು ಅಂಗಳಕ್ಕೆ ಬಂದೆ. ಎಲ್ಲರೂ ಅವನ ಕಡೆ ತಿರುಗಿದರು. ಸಿದ್ದಪ್ಪ ನನ್ನ ಕೈಯಲ್ಲಿದ್ದ ಬಾಟಲಿ ನೋಡಿದ. "ನಾ ಅಲ್ರಿ ಅಕ್ಕಾರ" ಎಂದ. ಕುಡಿಯುತ್ತಿದ್ದ ದಿನಗಳಲ್ಲೂ ಆ ಮಾತನ್ನು ಸಾವಿರ ಸಲ ಹೇಳಿರಬೇಕು. ಹೇಳುವಾಗಲೇ ಯಾರೂ ನಂಬುವುದಿಲ್ಲ ಎಂದು ಅವನಿಗೇ ಗೊತ್ತಿತ್ತು. ಸಾಹುಕಾರರು, "ಇರಲಿ ಬಿಡ್ರಿ, ಬ್ಯಾರೆ ಆಳ ನೋಡ್ತೇನಿ" ಎಂದು ಜೀಪಿನ ಕಡೆ ನಡೆದರು.

ಹವಾಲ್ದಾರರು ನೀರಿನ ತೊಟ್ಟಿಯ ಹತ್ತಿರ ನಿಂತಿದ್ದವರು ಕವಾಯತಿನ ಹೆಜ್ಜೆ ಹಾಕುತ್ತ ಬಂದು ಜೀಪಿಗೆ ಅಡ್ಡ ನಿಂತರು. ಕಾಲು ಜೋಡಿಸಿದರು.

"ಸಾಹುಕಾರ್ರ, ಡಾಕ್ಟರ್ ಸಾಬ್. ಮುದ್ರಿ ಬಿಚ್ಚಿದಾಂವ ನಾ. ನಿನ್ನೆ ಸಂಜಿಮುಂದ ಇಂವನ ಕಡಿಂದ ಕೀಲಿ ಇಸ್ಕೊಂಡೆ. ನಾಳೆ ಇಂವಗ ಕಲಸಬೇಕು, ಅದಕ್ಕ ಮೊದಲು ನನಗ ಬರತೈತೋ ಇಲ್ಲೋ ನೋಡೂಣಂತ ಒಬ್ಬಾಂವನ ಹೀರಾನ ಮುಂದ ಕುಂತೆ. ಅಂಗೈಯಾಗ ಹಾಕ್ಕೊಂಡೆ. ಕಾಲಿಗೆ ಹೋಗಲಿಲ್ರಿ ಅದು. ಬಾಯಿಗೆ ಬಂತು."

ಅವರು ಪಾಠದ ದಿನ ಕೈಯನ್ನು ಬೆನ್ನ ಹಿಂದೆ ಯಾಕೆ ಕಟ್ಟಿಕೊಳ್ಳುತ್ತಿದ್ದರು, ಬಾಗಿಲ ಹತ್ತಿರ ಯಾಕೆ ನಿಲ್ಲುತ್ತಿದ್ದರು ಎಂಬುದೆಲ್ಲ ನನಗೆ ಆಗ ತಿಳಿಯಿತು. ಬಾಟಲಿ ತೂಗುಹಾಕಿದ ಮನುಷ್ಯ ಅಲ್ಲಿಯವರೆಗೆ ಒಂದು ದಿನವೂ ಅದರೊಳಗಿನದನ್ನು ಕೈಗೆ ಹಾಕಿಕೊಂಡಿರಲಿಲ್ಲ. ಸಿದ್ದಪ್ಪನನ್ನು ಕಂಡರೆ ಅವರಿಗೆ ತಮ್ಮನ್ನೇ ಕಂಡ ಹಾಗಾಗುತ್ತಿತ್ತು, ತಮ್ಮ ಕೈಯಲ್ಲಿ ಆಗದ್ದು ಅವನ ಕೈಯಲ್ಲಿ ಆಗುತ್ತದೆಂಬ ಧೈರ್ಯ ಅವರಿಗೆ ಇರಲಿಲ್ಲ.

ಸಾಹುಕಾರರು ಮೀಸೆ ತೀಡಿಕೊಂಡರು. "ಅಲ್ರೀ ಹವಾಲ್ದಾರ್ರ, ನಿಮ್ಮ ಮಾತಿನ ಮ್ಯಾಲ ಆಳ ಇಟ್ಕೋತಿದ್ದೆ. ನೀವ ಹಿಂಗ ಅಂದ್ರ?"

"ನನ್ನ ಮಾತ ಬಿಡ್ರಿ. ಅದಕ್ಕ ಈಗ ಕಿಮ್ಮತ್ತಿಲ್ಲ. ಬಾಟ್ಲಿ ಅವನ ಕೈಯಾಗ ಕೊಟ್ಟು ನೀವ ನೋಡ್ರಿ."

ನಾನು ಬಾಟಲಿಯನ್ನು ಸಿದ್ದಪ್ಪನ ಕೈಗೆ ಕೊಟ್ಟೆ. ಬೇಡ ಎಂದು ಕಿರುಚಬೇಕೆನಿಸುತ್ತಿತ್ತು, ಆದರೂ ಕೊಟ್ಟೆ. ಅವನು ಅದನ್ನು ತೆಗೆದುಕೊಂಡು ಹೀರಾಳ ಮುಂಗಾಲ ಬಳಿ ಕುಕ್ಕರಗಾಲಲ್ಲಿ ಕೂತ. ಅಂಗೈಗೆ ಸುರಿದುಕೊಂಡ. ವಾಸನೆ ನಮ್ಮವರೆಗೂ ಬಂತು. ಬಾಯಿಂದ ಉಸಿರಾಡುತ್ತಿದ್ದ, ಕಣ್ಣಲ್ಲಿ ನೀರು ತುಂಬಿತ್ತು, ನಾಲಿಗೆ ಮಾತ್ರ ನಿಲ್ಲಲಿಲ್ಲ. "ನಿಂದರ ಹೀರಾ, ನಿಂದರ ನಮ್ಮವ್ವ, ಆತ ಆತ, ಇದೊಂದ ಕಾಲ" ಎಂದು ಕುದುರೆಯ ಜೊತೆ ಮಾತಾಡುತ್ತಲೇ ಮುಂದಿನೆರಡು, ಹಿಂದಿನ ಬಲ, ಕಡೆಗೆ ಯಾರಿಗೂ ಮುಟ್ಟಗೊಡದ ಹಿಂದಿನ ಎಡಗಾಲನ್ನೂ ತಿಕ್ಕಿದ. ಎದ್ದು ತೊಟ್ಟಿಯ ಹತ್ತಿರ ಹೋಗಿ ಮಣ್ಣು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡ. ಮುಚ್ಚಳ ತಿರುಗಿಸಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟ.

"ಸೋಮವಾರ ಬಾರಪಾ" ಎಂದರು ಸಾಹುಕಾರರು.

ಸಿದ್ದಪ್ಪ ಅವರ ಕಡೆ ನೋಡಲೇ ಇಲ್ಲ. ಹವಾಲ್ದಾರರ ಮುಂದೆ ಹೋಗಿ ನಿಂತ. "ಆತೇನ್ರಿ?" ಎಂದ. ಅವರು ಹೀರಾಳ ಕಾಲುಗಳನ್ನು ಒಂದೊಂದಾಗಿ ನೋಡಿ, "ಆತು" ಎಂದರು.

ಜೀಪು ಹೋದ ಮೇಲೆ ನಾನು ಅವರನ್ನು ಎಲ್ಲರ ಎದುರಿಗೇ ಬಾಯಿಗೆ ಬಂದಂತೆ ಬೈದೆ. ಬಾಟಲಿ ಬೇಡವೆಂದು ಬಡಕೊಂಡೆನಲ್ಲ, ನಾನು ಹೇಳಿದ್ದೇ ಆಯಿತಲ್ಲ ಎಂದೆ. ನನ್ನ ಮಾತು ಈಗಲೂ ಅದೇ: ಆ ಬಾಟಲಿ ಅಲ್ಲಿ ಇರಬಾರದಿತ್ತು. ಆದರೆ ನಾನು ಹೇಳಿದ್ದೇ ಸರಿಯಾಯಿತೆಂದು ಅವತ್ತು ಬಂದಷ್ಟು ಅಳು ನನಗೆ ಯಾವತ್ತೂ ಬಂದಿರಲಿಲ್ಲ. ಅವರು ನೆಟ್ಟಗೆ ನಿಂತು ಎಲ್ಲವನ್ನೂ ಕೇಳಿ, "ಹೌದ್ರಿ ಡಾಕ್ಟರ್ ಸಾಬ್" ಎಂದರು. ಸಂಜೆ ತಾವೇ ಟ್ರಂಕು ಹೊತ್ತು ಕುಡಿತ ಬಿಡಿಸುವ ಕೇಂದ್ರದ ಬಸ್ಸು ಹತ್ತಿದರು. ಈ ಸಲ ಹೆಂಡತಿ ಜೀಪು ಮಾಡಬೇಕಾಗಲಿಲ್ಲ.

ಕೆಲಸ ಹತ್ತಿದ ದಿನ ಮಹಾದೇವಿ ಬಂದಳು. ಗಂಡಹೆಂಡತಿ ಇಬ್ಬರೂ ಸಾಹುಕಾರರ ಲಾಯದ ಹಿಂದಿನ ಖೋಲಿಯಲ್ಲೇ ಸಂಸಾರ ಹೂಡಿದರು.

ಹವಾಲ್ದಾರರು ವಾಪಸು ಬಂದಾಗ ನಾನು ಕೆಲಸಕ್ಕೆ ಹಾಜರಾಗಿ ಎಂದೆ. ಒಪ್ಪಲಿಲ್ಲ. "ಕಲಸಾಕ ಬಂದಿಲ್ರಿ, ಕಲಿಯಾಕ ಬಂದೇನಿ" ಎಂದು ಹೊಸಬರ ಸಾಲಿನ ಕೊನೆಯಲ್ಲಿ ಹೋಗಿ ನಿಂತರು. ಇನ್ನಾದರೂ ಸ್ವಲ್ಪ ಮೆತ್ತಗಾಗಿರಬಹುದು ಎಂದುಕೊಂಡರೆ, ವಿದ್ಯಾರ್ಥಿಯಾಗಿ ಅವರು ಮಾಸ್ತರಾಗಿದ್ದಾಗಿನದಕ್ಕಿಂತ ಹೆಚ್ಚು ಪೀಡಿಸಿದರು. ಅವರ ಜಾಗಕ್ಕೆ ಬಂದವನು ಪಾಪ ಒಬ್ಬ ಮಾಜಿ ಸಿಪಾಯಿ. ಅವನು ಬಾಯಿ ತೆರೆದರೆ ಸಾಲಿನ ಕೊನೆಯಿಂದ ಕೆಮ್ಮು ಕೇಳುತ್ತಿತ್ತು. ಅರಭಾವಿಯ ಕಾಲೇಜಿನ ಹುಡುಗರು ಒಂದು ದಿನ ಕುದುರೆ ನೋಡಲು ಬಂದಾಗ, ವಿದ್ಯಾರ್ಥಿಯಾದ ಇವರೇ ಮುಂದೆ ಬಿದ್ದು ಖಚ್ಚರದ ಮೇಲೆ ದೊಡ್ಡ ಭಾಷಣ ಮಾಡಿ ಅವರ ಕಡೆಯ ಬಸ್ಸು ತಪ್ಪಿಸಿದರು. ನಾನು ಅಷ್ಟೂ ಹುಡುಗರನ್ನು ಟೆಂಪೊ ಮಾಡಿ ಕಳಿಸಿದೆ.

ಕಾಲು ತಿಕ್ಕುವ ಪರೀಕ್ಷೆಗೆ ಮಾತ್ರ ಆ ಸಿಪಾಯಿ ಸಾಲಲಿಲ್ಲ. ಸಿದ್ದಪ್ಪ ರಜೆಯ ದಿನ ಮೂಡಲಗಿಯಿಂದ ಬಂದಾಗ ಅವನೇ ನೋಡಬೇಕು ಎಂದು ಹವಾಲ್ದಾರರು ಹಟ ಹಿಡಿದರು. ಸಿದ್ದಪ್ಪ ನಾಚಿ ನೀರಾದ. "ಬ್ಯಾಡ್ರಿ, ನೀವು ನನಗ ಗುರುಗಳು" ಎಂದ. "ಪರೀಕ್ಷಾದಾಗ ಗುರು ಬರೂದಿಲ್ಲ. ನೋಡು" ಎಂದು ಗದರಿದರು. ಮೊದಲ ಸಲ ಮೊಳೆಯ ಮುಂದೆ ನಿಂತು, ಕೈ ಎತ್ತಲಾಗದೆ ವಾಪಸು ಬಂದರು. ಆಮೇಲೊಮ್ಮೆ ಬಾಟಲಿ ಇಳಿಸಿ ಹಾಗೇ ತೂಗುಹಾಕಿದರು. ಇನ್ನೊಮ್ಮೆ ನಾನು ಮುದ್ರೆ ಬಿಚ್ಚಿದ ಮೇಲೆ ಮುಚ್ಚಳ ತೆರೆದು, ವಾಸನೆ ಬಂದಕೂಡಲೇ ಮುಚ್ಚಿ, ಅಂಗಳದಾಚೆ ಓಡಿಹೋದರು. ಪ್ರತಿ ಸಲವೂ ಸಿದ್ದಪ್ಪ ನೆಲ ನೋಡುತ್ತ, "ಇನ್ನೂ ಆಗಿಲ್ರಿ" ಎನ್ನುತ್ತಿದ್ದ. ನಾನು ಪ್ರತಿ ಸಲವೂ ಅರಗು ಕಾಯಿಸುತ್ತಿದ್ದೆ, ಇಬ್ಬರನ್ನೂ ಬೈಯುತ್ತಿದ್ದೆ.

ಕಡೆಯ ಸಲ ಅವರು ತಿಕ್ಕಿದರು. ಮುಂದಿನೆರಡು ಕಾಲು, ಹಿಂದಿನ ಬಲಗಾಲು. ಹೀರಾಳನ್ನು ಖಚ್ಚರಕ್ಕೆ ಹೋಲಿಸಿ ಬೈಯುತ್ತ ಬೈಯುತ್ತಲೇ ತಿಕ್ಕಿದರು. ಎಡಗಾಲಿಗೆ ಕೈ ಹಾಕಿದಾಗ ಅದು ಜಾಡಿಸಿತು, ಇವರು ಹಿಂದೆ ಸರಿದರು. ಕೈ ತೊಳೆದುಕೊಂಡು, ಬಾಟಲಿ ನನಗೆ ಒಪ್ಪಿಸಿ, ಸಿದ್ದಪ್ಪನ ಮುಂದೆ ಕಾಲು ಜೋಡಿಸಿ ನಿಂತರು. ಅನ್ನು ಮಾರಾಯ, ಅಂದುಬಿಡು ಎಂದು ನಾನು ಮನಸ್ಸಿನಲ್ಲೇ ಸಿದ್ದಪ್ಪನಿಗೆ ಹೇಳುತ್ತಿದ್ದೆ. ಅವನು ಹೀರಾಳ ಸುತ್ತ ಒಂದು ಸುತ್ತು ಹಾಕಿ ಬಂದ.

"ಹಿಂದಿನ ಎಡಗಾಲ ಉಳದೈತ್ರಿ. ಇನ್ನೂ ಆಗಿಲ್ಲ."

ಹವಾಲ್ದಾರರ ಮುಖದಲ್ಲಿ ಆವತ್ತು ಕಂಡ ಹಿಗ್ಗನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ. "ನೋಡಿದ್ರೇನ್ರಿ ಡಾಕ್ಟರ್ ಸಾಬ್, ಎಂಥಾ ಶಿಷ್ಯಾನ್ನ ತಯಾರ ಮಾಡೇನಿ! ನನಗೂ ಬಿಡಾಂಗಿಲ್ಲ!" ಎಂದು ಅಂಗಳದ ತುಂಬ ಒದರಿದರು. "ಬರೂ ವಾರ ಎಡಗಾಲ" ಎಂದು ಸಿದ್ದಪ್ಪನ ಬೆನ್ನಿಗೆ ಗುದ್ದಿ ಹುಕ್ಕೇರಿ ಬಸ್ಸು ಹತ್ತಿದರು. ಆ ವಾರದಲ್ಲೇ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತವರು ಹಾಗೇ ಒರಗಿದರಂತೆ. ಎದೆಯ ತೊಂದರೆ ಎಂದರು.

ಶ್ರದ್ಧಾಂಜಲಿ ಸಭೆಗೆ ಸಿದ್ದಪ್ಪ ಮಹಾದೇವಿ ಇಬ್ಬರೂ ಬಂದಿದ್ದರು. ಮಾತಾಡಲು ಅವನ ಹೆಸರು ಕರೆದಾಗ ಅವನ ಕುರ್ಚಿ ಖಾಲಿ ಇತ್ತು. ಮೌನಾಚರಣೆ ಮುಗಿಯುತ್ತಲೇ ನಾನು ಎದ್ದು ಹಿಂದಿನ ಬಾಗಿಲಿಂದ ಅಂಗಳಕ್ಕೆ ಹೋದೆ. ಹೋಗುವಾಗಲೇ ವಾಸನೆ ಬಂತು. ಸಿದ್ದಪ್ಪ ಹೀರಾಳ ಹಿಂಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಎಡಗಾಲನ್ನು ಮೇಲ್ಗಡೆಯಿಂದ ಕೆಳಗೆ, ಹಗುರವಾಗಿ ತಿಕ್ಕುತ್ತಿದ್ದ. ನಾನಿಲ್ಲದೆ ಮುದ್ರೆ ಒಡೆದಿದ್ದ.

ಅವನು ತಿಕ್ಕಿ ಮುಗಿಸಿ, ಮಣ್ಣು ಹಚ್ಚಿ ಕೈ ತೊಳೆದುಕೊಂಡು, ಬಾಟಲಿ ಹಿಡಿದು ಕೋಣೆಗೆ ಹೋದ. ಮೊಳೆಗೆ ತೂಗುಹಾಕಿದ. ಪಕ್ಕದ ಮೊಳೆಯಲ್ಲಿ ಹವಾಲ್ದಾರರ ಸೀಟಿ ಇನ್ನೂ ಹಾಗೇ ತೂಗುತ್ತಿತ್ತು. ಅದರ ಮುಂದೆ ಕಾಲು ಜೋಡಿಸಿ ನೆಟ್ಟಗೆ ನಿಂತ.

"ಹವಾಲ್ದಾರ್ರ, ಆತ್ರಿ" ಎಂದ.

ಆಮೇಲೆ ತಿರುಗಿ ಬಾಗಿಲಲ್ಲಿ ನಿಂತ ನನ್ನನ್ನು ನೋಡಿದ. ಕಣ್ಣು ಒರೆಸಿಕೊಳ್ಳಲೂ ಇಲ್ಲ. "ಅಕ್ಕಾರ, ಅರಗ ತರ್ರಿ. ಮುದ್ರಿ ಹಾಕಬೇಕು" ಎಂದ.

ನಾನು ಗೊಣಗುತ್ತ ಅರಗು, ಬೆಂಕಿಪೊಟ್ಟಣ ತರಲು ಹೋದೆ.